ಯಾವ ಮನೆಯದೂ ಅಲ್ಲದ ಎಣ್ಣೆ

ಇದ್ದಿಲು ಬಸ್ಸು ಅಂದರೆ ಈಗಿನವರು ನಗುತ್ತಾರೆ. ನಗಲಿ, ಆಗ ನಮಗೂ ನಗು ಬರುತ್ತಿತ್ತು. ಯುದ್ಧ ಶುರುವಾಗಿ ಪೆಟ್ರೋಲಿಗೆ ರೇಷನ್ ಬಂದ ಮೇಲೆ, ಹಾಸನಕ್ಕೂ ಚನ್ನರಾಯಪಟ್ಟಣಕ್ಕೂ ಓಡಾಡುತ್ತಿದ್ದ ನಮ್ಮ ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆಯೊಂದನ್ನು ಕಟ್ಟಿದರು. ಅದಕ್ಕೆ ಇದ್ದಿಲು ತುಂಬಿ, ಕೆಂಡ ಹಾಕಿ, ಗಾಳಿಚಕ್ರ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋಗುವ ಹೊತ್ತಿಗೆ ಗ್ಯಾಸು ಹುಟ್ಟಿ ಇಂಜಿನ್ನು ಕೆಮ್ಮಲು ಶುರುಮಾಡುತ್ತಿತ್ತು. ನಾನು ಆ ಬಸ್ಸಿನ ಕಂಡಕ್ಟರು. ಟಿಕೆಟ್ ಹರಿದದ್ದಕ್ಕಿಂತ ಒಲೆ ಕೆದಕಿದ್ದೇ ಹೆಚ್ಚು. ದಿಬ್ಬ ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಇಳಿಯದೆ ಕೂತ ಪುಣ್ಯಾತ್ಮರ ಜೊತೆ ಜಗಳ ಕಾಯುವುದೂ ನನ್ನ ಪಾಲಿನ ಕೆಲಸ. ಜಗಳ ಅಂದರೆ ನಾನು ಯಾವತ್ತೂ ಹಿಂದೆ ಸರಿದವನಲ್ಲ. ಸಂಜೆ ಮೈಯೆಲ್ಲ ಮಸಿ ಮಾಡಿಕೊಂಡು ಮನೆಗೆ ಹೋದರೆ ಅವ್ವ, "ಬಂದ ನೋಡು, ಮದ್ವೆ ಮನೆ ಅಡಿಗೆ ಭಟ್ಟ" ಎಂದು ಛೇಡಿಸುತ್ತಿದ್ದಳು.

ನಮ್ಮ ಡ್ರೈವರಣ್ಣ ಹೊಳೆನರಸೀಪುರದವನು. ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಮೀಸೆ. ಅವನ ಎಡಗೈ ಮೊಣಕೈವರೆಗೆ ಸುಟ್ಟು ಚರ್ಮ ಸುಕ್ಕಾಗಿತ್ತು. ಹಿಂದೆ ಅರಕಲಗೂಡಿನಲ್ಲಿ ಒಂದು ಅಂಗಡಿಯ ಪೆಟ್ರೋಲು ಡಬ್ಬಕ್ಕೆ ಬೆಂಕಿ ಹತ್ತಿದಾಗ, ಬೀದಿಯ ಜನ ಗುಡಿಸಲು ಬೆಂಕಿ ಆರಿಸುವ ಹಾಗೆ ಬಾವಿಯಿಂದ ಕೊಡ ಕೊಡ ನೀರು ತಂದು ಸುರಿದರಂತೆ. ಪೆಟ್ರೋಲು ನೀರಿನ ಮೇಲೆ ತೇಲಿ, ಉರಿಯುತ್ತಲೇ ಚರಂಡಿಗುಂಟ ಹರಿದು, ಎದುರು ಸಾಲಿನ ಮನೆಗೂ ಹತ್ತಿತಂತೆ. ಅಲ್ಲಿ ಸಿಕ್ಕಿಕೊಂಡವರನ್ನು ಎಳೆಯಲು ಹೋಗಿ ಇವನ ಕೈ ಸುಟ್ಟಿತು. "ನೀರ್ ಉಯ್ಬ್ಯಾಡಿ ಕಣ್ರಲಾ, ಮಣ್ಣಾಕಿ, ಇಲ್ಲಾ ಒದ್ದೆ ಗೋಣಿ ಮುಚ್ಚಿ, ಅಂತ ಬಡ್ಕಂಡೆ. ಯಾರ್ ಕೇಳ್ತಾರೆ?" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ನನಗೆ ಆ ಕತೆ ಬಾಯಿಪಾಠವಾಗಿ ಹೋಗಿತ್ತು. ಅವನು ಬಾಯಿ ತೆಗೆಯುವ ಮೊದಲೇ ನಾನೇ ಅವನ ದನಿಯಲ್ಲಿ ಹೇಳಿ ನಗಿಸುತ್ತಿದ್ದೆ.

ನಮ್ಮ ಊರು ಶಾಂತಿಗ್ರಾಮಕ್ಕಿಂತ ಕೊಂಚ ಮುಂದೆ, ಚನ್ನರಾಯಪಟ್ಟಣದ ಕಡೆಗೆ, ರಸ್ತೆಗೆ ಅಂಟಿಕೊಂಡ ಹಾಗೆ ಇತ್ತು. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ಅವ್ವ, ನಾನು. ತಂಗಿಯನ್ನು ಕಟ್ಟಾಯಕ್ಕೆ ಕೊಟ್ಟಿದ್ದೆವು. ಅವಳು ಚೊಚ್ಚಲು ಹೆರಿಗೆಗೆಂದು ತವರಿಗೆ ಬಂದು, ಹೆಣ್ಣು ಮಗುವನ್ನು ಹೆತ್ತು, ಒಳಕೋಣೆಯಲ್ಲಿ ಮಲಗಿದ್ದಳು. ಪುರುಡು ಕಳೆಯುವ ತನಕ ಆ ಕೋಣೆಗೆ ಗಂಡಸರು ಕಾಲಿಡುವ ಹಾಗಿರಲಿಲ್ಲ. ನಾನು ಬಾಗಿಲ ಹೊರಗೆ ನಿಂತು ಮಾತಾಡಬೇಕು, ಅವಳು ಒಳಗಿನಿಂದ ಉತ್ತರ ಕೊಡಬೇಕು. "ಮಗ ಯಾರಂಗದೆ?" ಅಂತ ಕೇಳಿದರೆ, "ನಿನ್ನಂಗೇ ಕಣಣ್ಣ, ವೊತ್ತಾರೆಯಿಂದ ಬರೀ ಜಗಳ" ಅನ್ನುತ್ತಿದ್ದಳು. ಮಗುವಿನ ಮುಖವನ್ನು ನಾನಿನ್ನೂ ನೋಡಿರಲಿಲ್ಲ.

ತಂಗಿ ಚಿಕ್ಕಂದಿನಿಂದ ಕತ್ತಲೆಗೆ ಪುಕ್ಕಲು. ಹಿತ್ತಲಿಗೆ ಹೋಗಬೇಕಾದರೂ ನಾನು ಜೊತೆಗೆ ಹೋಗಿ, ಅಲ್ಲೇ ನಿಂತಿದ್ದೇನೆ ಎಂದು ಗೊತ್ತಾಗಲು ಕೆಮ್ಮುತ್ತಲೇ ಇರಬೇಕಿತ್ತು. ಈಗ ಅವಳಿದ್ದ ಕೋಣೆಗೆ ಕಿಟಕಿಯೇ ಇಲ್ಲ. ಹಗಲು ಹೊತ್ತಿನಲ್ಲೂ ಅಲ್ಲಿದ್ದ ಬೆಳಕು ಗೋಡೆಯ ಗೂಡಿನಲ್ಲಿದ್ದ ಒಂದು ಹಣತೆಯದು ಮಾತ್ರ.

ಆ ಹಣತೆಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಪುರುಡು ಕಳೆಯುವ ತನಕ ಬಾಣಂತಿಯ ದೀಪ ಹಗಲೂ ಇರುಳೂ ಉರಿಯಬೇಕು, ಆರಬಾರದು. ಎಣ್ಣೆ ಕಡಿಮೆಯಾದರೆ ಉರಿಯುತ್ತಿರುವ ಹಾಗೆಯೇ ಮೇಲಿನಿಂದ ಹೊಯ್ಯಬೇಕು. ಆ ದೀಪಕ್ಕೆ ಬೇರೆ ಮನೆಯ ಎಣ್ಣೆಯೂ ಬೀಳಬಾರದು. ದುಡ್ಡು ಕೊಟ್ಟು ತಂದರೆ ಅದು ನಮ್ಮದೇ ಎಣ್ಣೆ, ಅಡ್ಡಿಯಿಲ್ಲ. ಇನ್ನೊಂದು ಮನೆಯಿಂದ ಕಡ ತಂದರೆ, ಇಲ್ಲವೇ ಅವರು ಕೊಟ್ಟದ್ದನ್ನು ಇಸಕೊಂಡರೆ, ಮಗು ಬೇರೆಯವರ ಪಾಲಾಗುತ್ತದೆ. ಅಪ್ಪನ ತಾಯಿ ಅವ್ವನಿಗೆ ಹೇಳಿಕೊಟ್ಟ ಮಾತು ಅದು. ಊರಿನ ಬೇರೆ ಮನೆಗಳಲ್ಲಿ ಇಷ್ಟು ಬಿಗಿ ಇರಲಿಲ್ಲ, ನಮ್ಮಲ್ಲಿತ್ತು.

ಆ ವರ್ಷ ಹರಳು ಗಿಡಕ್ಕೆ ಹುಳ ಬಿದ್ದು ಮನೆಯ ಹರಳೆಣ್ಣೆ ಗಡಿಗೆ ತಳ ಕಂಡಿತ್ತು. ಸೀಮೆಎಣ್ಣೆಯಂತೂ ಚೀಟಿ ಹಿಡಿದುಕೊಂಡು ಹೋದರೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಊರಿಗೆ ಊರೇ ಹೊತ್ತು ಮುಳುಗುವ ಮೊದಲೇ ಉಂಡು, ಕತ್ತಲೆಯಲ್ಲಿ ಮಾತಾಡಿಕೊಂಡು ಮಲಗುತ್ತಿತ್ತು. ಅವತ್ತು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಪಕ್ಕದ ಮನೆಯವಳು ಒಂದು ಗಿಂಡಿಯಲ್ಲಿ ಹರಳೆಣ್ಣೆ ಹಿಡಿದು ಜಗುಲಿಯ ಹತ್ತಿರ ಬಂದಳು. ಅವಳಿಗೂ ಮೊಲೆ ಕುಡಿಯುವ ಕೂಸಿತ್ತು. ನಮ್ಮ ಕೋಣೆಯ ಕಷ್ಟ ಅವಳಿಗೆ ಗೊತ್ತಿತ್ತು.

"ಅಕ್ಕಯ್ಯ, ಒಂದೀಟು ಎಣ್ಣೆ ಐತೆ, ಮಗೀನ್ ದೀಪಕ್ಕೆ ಮಡಿಕ್ಕ."

ಅವ್ವ ಅವಳ ತಲೆ ನೇವರಿಸಿದಳು. ಗಿಂಡಿಯನ್ನು ಮುಟ್ಟಲಿಲ್ಲ. "ನಿನ್ ವೊಟ್ಟೆ ತಣ್ಣಗಿರ್ಲಿ ಕಣವ್ವ. ಆ ದೀಪಕ್ಕೆ ಬ್ಯಾರೆ ಮನೆ ಎಣ್ಣೆ ಉಯ್ಯಂಗಿಲ್ಲ. ನನ್ ಮಗ ಪಟ್ಣದಿಂದ ತತ್ತಾನೆ."

ನನ್ನ ಕಡೆ ತಿರುಗಿ, "ಬೈಗಿನ್ ಗಂಟ ಬತ್ತದೆ ಕಣ್ಲಾ, ಆಮ್ಯಾಕಿಲ್ಲ. ವೊತ್ತು ಮುಳ್ಗೋದ್ರೊಳ್ಗೆ ಬಂದ್ಬುಡು" ಅಂದಳು. ಒಳಗಿನಿಂದ ತಂಗಿ, "ಅಣ್ಣ, ಮರೀಬ್ಯಾಡ, ಕತ್ಲಾದ್ರೆ ನಂಗೆ ಭಯ" ಎಂದಳು. "ತಾಯಾದೆ, ಇನ್ನೂ ಭಯ್ವಾ?" ಎಂದು ನಕ್ಕು ಹೊರಟೆ.

ಚನ್ನರಾಯಪಟ್ಟಣದಲ್ಲಿ ಹೊಕ್ಕ ಅಂಗಡಿಯಲ್ಲೆಲ್ಲ ಇಲ್ಲ ಅನ್ನುವ ಮಾತೇ. ಕಡೆಗೆ ವಿಭೂತಿ ಹಚ್ಚಿಕೊಂಡು ಗಲ್ಲಾದ ಮೇಲೆ ಕೂತಿದ್ದ ಒಬ್ಬ ಮುದುಕ ವ್ಯಾಪಾರಿ, ಬಾಣಂತಿ ಕೋಣೆಗೆ ಅಂದ ತಕ್ಷಣ ಎದ್ದು ಒಳಗೆ ಹೋದರು. ತಮ್ಮ ಮನೆ ಖರ್ಚಿಗೆ ಇಟ್ಟಿದ್ದರಲ್ಲಿ ಒಂದು ಸೀಸೆ ಹರಳೆಣ್ಣೆ ತುಂಬಿಸಿ, ಬೆಂಡು ಜಡಿದು ಕೊಟ್ಟರು. ಪುಕ್ಕಟೆ ಕೊಡಲು ಬಂದರು. "ಬೇಡಿ ಸ್ವಾಮಿ, ದುಡ್ಡು ತಗಳ್ಳಲೇಬೇಕು, ಇಲ್ದಿದ್ರೆ ನಮ್ಮವ್ವ ಇದ್ನ ಮೂಸೂ ನೋಡಲ್ಲ" ಅಂದೆ. ನಕ್ಕು ತೆಗೆದುಕೊಂಡರು. ಸೀಸೆಯನ್ನು ಟಿಕೆಟ್ ಚೀಲದಲ್ಲಿಟ್ಟು, ಚೀಲವನ್ನು ಡ್ರೈವರ್ ಸೀಟಿನ ಹಿಂದೆ ತೂಗುಹಾಕಿದೆ. ವಾಪಸು ಬರುವ ದಾರಿಯುದ್ದಕ್ಕೂ ನಾನು ಬಹಳ ಖುಷಿಯಲ್ಲಿದ್ದೆ. ತಳ್ಳದೆ ಕೂತವರ ಮೇಲೆ ಜಗಳವನ್ನೂ ತೆಗೆಯಲಿಲ್ಲ.

ಬಿಸಿಲು ಇಳಿಮುಖವಾಗಿತ್ತು. ನಮ್ಮ ಊರಿಗೆ ಮೊದಲು ಸಿಗುವ ಕೆರೆ ಏರಿಯ ಹತ್ತಿರ ಬರುವಷ್ಟರಲ್ಲಿ ಡ್ರೈವರಣ್ಣ ಇದ್ದಕ್ಕಿದ್ದ ಹಾಗೆ ಬ್ರೇಕು ಒತ್ತಿ, ಮೂಗು ಎತ್ತಿ ಗಾಳಿ ಮೂಸಿದ. ಮುಂದೆ, ತಿರುವಿನಲ್ಲಿ, ಹಾಸನದ ರೈಲ್ವೆ ಸ್ಟೇಷನ್ನಿನಿಂದ ಪೆಟ್ರೋಲು ಡಬ್ಬಗಳನ್ನು ಹೊತ್ತುಕೊಂಡು ಬರುತ್ತಿದ್ದ ಲಾರಿ ಪಕ್ಕಕ್ಕೆ ಮಗುಚಿ ಬಿದ್ದಿತ್ತು. ಡಬ್ಬಗಳು ಸೀಳಿ ಪೆಟ್ರೋಲು ರಸ್ತೆಯ ಮೇಲೆಲ್ಲ ಹರಿದು, ಪಕ್ಕದ ಕಾಲುವೆಗೆ ಇಳಿಯುತ್ತಿತ್ತು. ನಮ್ಮ ಬೆನ್ನ ಹಿಂದೆ ಒಲೆಯಲ್ಲಿ ಕೆಂಡ ನಿಗಿನಿಗಿ ಅನ್ನುತ್ತಿತ್ತು.

"ಎಲ್ರೂ ಇಳೀರಿ! ಬೀಡಿ ಗೀಡಿ ಸೇದ್ತಿರೋನು ಯಾವನಾದ್ರೂ ಇದ್ರೆ ಆರ್ಸಲಾ, ಇಲ್ದಿದ್ರೆ ನಾನೇ ನಿನ್ನ ಆರ್ಸ್‌ಬುಡ್ತೀನಿ!" ಎಂದು ಡ್ರೈವರಣ್ಣ ಕೂಗಿದ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಒಂದು ಹಿಡಿ ಧೂಳು ತೂರಿ ನೋಡಿದ. ಗಾಳಿ ನಮ್ಮ ಕಡೆಯಿಂದ ಲಾರಿಯ ಕಡೆಗೆ ಬೀಸುತ್ತಿತ್ತು. ಕಿಡಿ ಹಾರಿದರೆ ನೇರ ಅಲ್ಲಿಗೇ. ಬಸ್ಸನ್ನು ಹಿಂದಕ್ಕೆ, ತಿರುವಿನ ಆಚೆ ಬಹಳ ದೂರ ಒಯ್ದು, ಕೆಂಡವನ್ನೆಲ್ಲ ಹೊರಗೆ ಎಳೆದು ಗುಂಡಿಗೆ ಹಾಕಿ ಮಣ್ಣು ಮುಚ್ಚಿದ. ನಾನು ಲಾರಿಯ ಹತ್ತಿರ ಓಡಿದೆ.

ಅಲ್ಲಿ ಆಗಲೇ ಜಾತ್ರೆ ನೆರೆದಿತ್ತು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ದನ ಮೇಯಿಸುತ್ತಿದ್ದವರು, ಗದ್ದೆಯಿಂದ ಬಂದವರು, ಎಲ್ಲರ ಕೈಯಲ್ಲೂ ಚೆಂಬು, ಮಡಕೆ, ತಂಬಿಗೆ. ಕಾಲುವೆಗೆ ಬಗ್ಗಿ ಮೊಗೆಯುವವರೇ ಎಲ್ಲರೂ. ಎಷ್ಟೋ ಕಾಲದಿಂದ ದೀಪದ ಎಣ್ಣೆ ಕಾಣದ ಜನ. ರಸ್ತೆಯ ಮೇಲೆ ಎಣ್ಣೆ ಹೊಳೆಯಾಗಿ ಹರಿದರೆ ಬಿಟ್ಟಾರೆಯೇ? ಮೋಟಾರು ಎಣ್ಣೆಯಂತೆ, ಸೀಮೆಎಣ್ಣೆಗೆ ಅಣ್ಣನಂತೆ ಎಂದು ನಗುತ್ತಿದ್ದರು. ಹಬ್ಬದ ಹಾಗಿತ್ತು. ನಾನು ಹೋಗಿ ಕೈಯಿಂದ ಮಡಕೆ ಕಿತ್ತುಕೊಳ್ಳಲು ಶುರುಮಾಡಿದ್ದೇ ತಡ, "ನಿಮ್ಮಪ್ಪನ್ ಮನೆ ಗಂಟಾ?" ಎಂದು ನನ್ನ ಮೇಲೇ ಬಿದ್ದರು. "ಚೆಲ್ಲೋಗದೆ, ಚೆಲ್ಲಿದ್ ಮ್ಯಾಲೆ ಯಾವ್ ಮನೇದು?" ಎಂದು ಒಬ್ಬ ವಾದ ಹೂಡಿದ. ನನ್ನ ಬಾಯಿಗೆ ಬಂದ ಬೈಗುಳವನ್ನೆಲ್ಲ ಅವತ್ತು ಖರ್ಚು ಮಾಡಿದೆ.

ಡ್ರೈವರಣ್ಣ ಬಂದ ಮೇಲೆ ಕೆಲಸಕ್ಕೆ ದಾರಿ ಸಿಕ್ಕಿತು. ಲಾರಿಯವನ ಕಾಲು ಮುರಿದಿತ್ತು, ಅವನನ್ನು ಎತ್ತಿ ಮರದ ಕೆಳಗೆ ಮಲಗಿಸಿದೆವು. ರಸ್ತೆಯ ಎರಡೂ ಕಡೆ ಗಾಡಿಗಳನ್ನು ತಡೆಯಲು ಜನ ನಿಲ್ಲಿಸಿದ; ಎತ್ತಿನ ಲಾಳ ಕಲ್ಲಿಗೆ ಬಡಿದು ಕಿಡಿ ಹಾರಿದರೂ ಸಾಕು ಅಂದ. ಕಾಲುವೆ ಕೆರೆಗೆ ಸೇರುವ ಕಡೆ ಬದು ಹಾಕಬೇಕಿತ್ತು. ಬದು ಹಾಕುವುದನ್ನು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗಷ್ಟೇ ನನ್ನ ಕತ್ತಿನ ಪಟ್ಟಿ ಹಿಡಿದಿದ್ದವರೇ ಮಂಕರಿಯಲ್ಲಿ ಕೆರೆಮಣ್ಣು ಹೊತ್ತು ತಂದರು. "ಗುದ್ಲಿ ಕಲ್ಲಿಗ್ ತಗಲಿಸ್ಬ್ಯಾಡ್ರಲಾ, ಕೈಯಲ್ ಕೆರೀರಿ" ಎಂದು ಅವನು ಗದರುತ್ತಲೇ ಇದ್ದ. ಒಡೆಯದ ಡಬ್ಬಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ದೂರ ಇಟ್ಟೆವು. ಹರಿದದ್ದರ ಮೇಲೆಲ್ಲ ಮಣ್ಣು ಹೊದೆಸಿದೆವು. ಆ ವಾಸನೆಗೆ ತಲೆ ಸುತ್ತಿ ಇಬ್ಬರು ವಾಂತಿ ಮಾಡಿಕೊಂಡರು.

ನಡುವೆ ಒಮ್ಮೆ ಹೊತ್ತು ನೋಡಿದೆ. ಸೂರ್ಯ ಇನ್ನೂ ಮರದ ಮೇಲಿದ್ದ. ಸೀಸೆ ಬಸ್ಸಿನಲ್ಲಿತ್ತು, ಮನೆಯ ಹಣತೆಯಲ್ಲಿ ಬೈಗಿನವರೆಗೆ ಎಣ್ಣೆ ಇತ್ತು. ಸಮಯ ಇದೆ ಅಂದುಕೊಂಡೆ. ಇತ್ತು ಕೂಡ.

ಆಗ ಊರಿನ ಪಟೇಲರು ಬಂದರು. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವಾಗ ನನ್ನ ಕೈ ತಡೆಯುವುದಿಲ್ಲ. ಡ್ರೈವರಣ್ಣ ಅವರಿಗೆ, "ಸಾ, ನಾವ್ ಬರೋಕ್ ಮುಂಚೆನೇ ಸುಮಾರ್ ಜನ ಮನೆಗ್ ಒತ್ಕಂಡೋಗವ್ರೆ. ದೀಪಕ್ಕಾಕುದ್ರೆ ಮನೆ ಉರ್ದೋಯ್ತದೆ. ತಮಟೆ ಒಡ್ಸಿ, ಬೆಂಕಿ ಅತ್ಕೊತದೆ ಅಂತ ಸಾರ್ಸಿ" ಎಂದ.

ಪಟೇಲರು ಯೋಚಿಸಿದರು. "ಬೆಂಕಿ ಅಂದ್ರೆ ಯಾವಳಯ್ಯಾ ಎದರ್ತಾಳೆ? ದಿನಾ ವಲೆ ಮುಂದೆ ಕುಂತಿರೋರು. ಪೋಲೀಸು ಅಂದ್ರೆ ನೋಡು, ಅಂಗೇ ತಂದು ಸುರೀತಾರೆ."

"ಬೆಂಕಿ ಅನ್ನೋದೂ ಸೇರ್ಸಿ ಪಟೇಲ್ರೇ" ಎಂದು ನಾನೂ ಹೇಳಿದೆ. ಅವರು ತಲೆಯಾಡಿಸಿದರು. ಆದರೆ ತಮಟೆ ಹೊಡೆದು ಸಾರಿದ ತಳವಾರನ ಬಾಯಲ್ಲಿ ಊರೊಳಗಿನಿಂದ ನಮಗೆ ಕೇಳಿಸಿದ್ದು ಒಂದೇ ಮಾತು: "ರಸ್ತೆ ಮ್ಯಾಲಿನ್ ಎಣ್ಣೆ ಸರ್ಕಾರದ್ದು! ಯಾರ್ ಮನೇಲಿ ಮಡಗವ್ರೋ ತಂದ್ ಒಪ್ಸಬೇಕು! ಇಲ್ದಿದ್ರೆ ಪೋಲೀಸ್ನೋರು ಮನೆ ಮನೆ ಉಡುಕ್ತಾರೆ!"

ಕೆಲವರು ತಂದರು. ಮಡಕೆಗಳನ್ನು ನಾವು ತೋಡಿದ ಗುಂಡಿಗೆ ಸುರಿದು, ಮುಖ ಸಿಂಡರಿಸಿಕೊಂಡು ಹೋದರು. ಆದರೆ ಪೋಲೀಸು ಅನ್ನುವ ಮಾತು ಕೇಳಿದ ಕೂಡಲೇ ಉಳಿದವರು ಮಾಡಿದ್ದೇನು ಅಂದರೆ, ಹಿತ್ತಲಲ್ಲಿ ಬಯಲಿಗೆ ಇಟ್ಟಿದ್ದನ್ನೂ ಒಳಕ್ಕೆ ಒಯ್ದು ಬಚ್ಚಿಟ್ಟರು. ಹುಲ್ಲು ಮೆದೆಯೊಳಗೆ, ಅಟ್ಟದ ಮೇಲೆ, ಕಣಜದ ಹಿಂದೆ. ಬೆಂಕಿ ಅಂದಿದ್ದರೆ ಹೆದರುತ್ತಿರಲಿಲ್ಲವಂತೆ. ಹೆದರುತ್ತಿದ್ದರು, ಪಟೇಲರೇ! ಎಳೆ ಮಗುವನ್ನು ಮನೆಯಲ್ಲಿಟ್ಟುಕೊಂಡ ಯಾವ ಹೆಂಗಸು ಬೆಂಕಿಗೆ ಹೆದರುವುದಿಲ್ಲ? ಈ ಮಾತನ್ನು ಅವರು ಬದುಕಿರುವಾಗ ನಾನು ಅವರಿಗೆ ಹೇಳಲಿಲ್ಲ, ಸತ್ತ ಮೇಲೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಕೆಲಸ ಮುಗಿಯಿತು. ಕೆರೆಗೆ ಒಂದು ಹನಿ ಹೋಗಲಿಲ್ಲ, ಒಂದು ಕಿಡಿ ಹಾರಲಿಲ್ಲ. ಡ್ರೈವರಣ್ಣ ಸುಟ್ಟ ಕೈಯಿಂದ ಹಣೆ ಒರೆಸಿಕೊಂಡು, "ಅರಕಲಗೂಡ್ನಾಗೆ ಇಂಗೇ ಮಾಡಿದ್ರೆ ಬದುಕ್ತಿದ್ರು ಕಣ್ಲಾ" ಅಂದ. ಅವನ ಕಣ್ಣಲ್ಲಿ ನೀರಿತ್ತು. ನಾನು ಸೀಸೆ ತರಲು ಬಸ್ಸಿನ ಕಡೆ ಹೊರಟೆ. ಆಗ ಬಟ್ಟೆ ಗಂಟು ಹೊತ್ತ ಒಬ್ಬ ಹೆಂಗಸು, ತನ್ನ ಮಡಕೆಯನ್ನು ಸುರಿಸಿದ ಸಿಟ್ಟಿನಲ್ಲಿ, "ನಮ್ದು ಮಾತ್ರ ಕಿತ್ಕಳಿ. ನಿಮ್ಮವ್ವ ಬಟ್ಟೆ ವಗ್ಯಕ್ ಬಂದಿದ್ಲಲ್ಲ, ಎಲ್ರಿಗಿಂತ ಮುಂಚೆ ಚೆಂಬು ತುಂಬ್ಕಂಡೋದ್ಲು, ಅವಳ್ನ ಕೇಳು" ಅಂದಳು.

ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ನಾನು ಬಸ್ಸಿನ ಕಡೆ ಹೋಗಲಿಲ್ಲ. ಊರಿನ ಕಡೆ ಓಡಿದೆ.

ಕೋಣೆಯಲ್ಲಿ ಏನಾಯಿತು ಎಂಬುದನ್ನು ಆಮೇಲೆ ತಂಗಿ ಹೇಳಿದ್ದು, ಅವ್ವ ವರ್ಷಗಟ್ಟಲೆ ಚೂರು ಚೂರಾಗಿ ಹೇಳಿದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಅವ್ವ ಅದನ್ನು ಎಣ್ಣೆ ಅಂತಲೇ ತಂದದ್ದು. ರಸ್ತೆಯಲ್ಲಿ ಚೆಲ್ಲಿದ್ದು ಯಾವ ಮನೆಯದೂ ಅಲ್ಲ, ಕಡ ತಂದದ್ದಲ್ಲ, ಯಾರೂ ಕೊಟ್ಟದ್ದಲ್ಲ, ಕಟ್ಟಳೆಗೆ ಭಂಗವಿಲ್ಲ. ಮೊದಲು ಚೆಂಬನ್ನು ಹಿತ್ತಲ ಗೋಡೆಯ ಮೇಲೆ ಇಟ್ಟಿದ್ದಳು. ತಮಟೆ ಕೇಳಿದ ಮೇಲೆ ಒಳಗೆ ತಂದಳು. ಎಂಥ ಪೋಲೀಸಿನವನೇ ಬರಲಿ, ಪುರುಡಿನ ಕೋಣೆಗೆ ಮಾತ್ರ ಕಾಲಿಡಲಾರ. ಅಲ್ಲೇ ಮಂಚದ ಪಕ್ಕದಲ್ಲಿಟ್ಟು ತಟ್ಟೆ ಮುಚ್ಚಿದಳು. ವಾಸನೆಗೆ ತಂಗಿ ತಲೆನೋವು ಅಂದಳಂತೆ. ಹೊತ್ತು ಮುಳುಗಿತು, ನಾನು ಬರಲಿಲ್ಲ. ಹಣತೆಯ ಕುಡಿ ಸಣ್ಣಗಾಯಿತು. "ಅವ್ವ, ದೀಪ ಆರೋಯ್ತದೆ" ಎಂದು ತಂಗಿ ಹೆದರಿದಳು. ಆರಬಾರದಲ್ಲ. ಆರಿಸಿ ಹೊಯ್ಯುವ ಹಾಗಿಲ್ಲವಲ್ಲ. ಅವ್ವ ತಟ್ಟೆ ತೆಗೆದು, ಚೆಂಬನ್ನು ಎತ್ತಿ, ಉರಿಯುತ್ತಿದ್ದ ಕುಡಿಯ ಮೇಲೆಯೇ ಬಗ್ಗಿಸಿದಳು.

ಬೆಂಕಿ ಧಾರೆಯನ್ನು ಹಿಡಿದು ಚೆಂಬಿಗೆ ಏರಿತು. ಅವ್ವ ಕೈಬಿಟ್ಟಳು. ಚೆಂಬು ಮಂಚದ ಮೇಲೆ ಬಿತ್ತು. ತಂಗಿಯ ಸೀರೆಗೆ ಹತ್ತಿಕೊಂಡಾಗ ಅವಳು ಮಾಡಿದ ಮೊದಲ ಕೆಲಸ, ಮಗುವನ್ನು ಎತ್ತಿ ಅವ್ವನ ಮಡಿಲಿಗೆ ಎಸೆದದ್ದು. ಅವ್ವ ಮಗುವನ್ನು ಹೊರಗೆ ಜಗುಲಿಯ ಮೇಲೆ ಹಾಕಿ, ಯಾರೇ ಆಗಲಿ ಮಾಡುವ ಹಾಗೆ, ಬಚ್ಚಲ ಕೊಡ ತಂದು ನೀರು ಸುರಿದಳು. ಉರಿ ನೀರಿನ ಜೊತೆಗೆ ನೆಲದ ಮೇಲೆ ಹರಡಿ ಮಂಚದ ಕೆಳಗೂ ಹೋಯಿತು.

ನಾನು ಬಂದಾಗ ಅವ್ವ ಎರಡನೆಯ ಕೊಡ ಎತ್ತಿದ್ದಳು. ಅದನ್ನು ಕಿತ್ತು ಬಿಸಾಡಿದೆ. ಕೊಟ್ಟಿಗೆಯ ಕಂಬಳಿಯನ್ನು ಕಲಗಚ್ಚಿನ ಬಾನಿಯಲ್ಲಿ ಅದ್ದಿ ಒಳಗೆ ನುಗ್ಗಿದೆ. ತಂಗಿ ಹೆತ್ತ ಮೇಲೆ ಆ ಕೋಣೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅವಳ ಮೇಲೆ ಕಂಬಳಿ ಹೊದೆಸಿ, ಅದುಮಿ, ಎಳೆದು ಹೊರಗೆ ತಂದೆ. ಹಿಂದೆಯೇ ಬಂದವರು ನೆಲಕ್ಕೆ ಮಣ್ಣು ಸುರಿದು ಉರಿ ಆರಿಸಿದರು. ಇಳಿಹೊತ್ತೆಲ್ಲ ಅದನ್ನೇ ಮಾಡಿ ಬಂದಿದ್ದವರು, ಕೈ ಪಳಗಿತ್ತು. ಮನೆ ಉಳಿಯಿತು. ಮನೆ ಯಾರಿಗೆ ಬೇಕಿತ್ತು?

ಡ್ರೈವರಣ್ಣ ನನ್ನ ಚೀಲ ಹಿಡಿದು ಓಡಿ ಬಂದ. ನಾನು ಸೀಸೆಯ ಬೆಂಡು ಕಿತ್ತು ಎಣ್ಣೆಯನ್ನೆಲ್ಲ ತಂಗಿಯ ಸುಟ್ಟ ಮೈಮೇಲೆ, ಅವ್ವನ ಕೈಮೇಲೆ ಸುರಿದೆ. ಸುಟ್ಟ ಗಾಯಕ್ಕೆ ಎಣ್ಣೆ ಸುರಿಯಬಾರದು ಎಂದು ಈಗ ಹೇಳುತ್ತಾರೆ. ಆಗ ನಮಗೆ ಗೊತ್ತಿದ್ದ ಔಷಧಿ ಅದೊಂದೇ. ದೀಪಕ್ಕೆಂದು ತಂದ ಎಣ್ಣೆ ಹಾಗೆ ಖಾಲಿಯಾಯಿತು.

ತಂಗಿಯನ್ನೂ ಅವ್ವನನ್ನೂ, ಕಾಲು ಮುರಿದ ಲಾರಿಯವನನ್ನೂ ಹಾಸನದ ಆಸ್ಪತ್ರೆಗೆ ಒಯ್ಯಬೇಕಿತ್ತು. ಬಸ್ಸಿನ ಒಲೆಯಲ್ಲಿ ಕೆಂಡವಿಲ್ಲ. ಮತ್ತೆ ಹೊತ್ತಿಸಿ ಗ್ಯಾಸು ಏಳಿಸುವಷ್ಟು ಹೊತ್ತು ನಮಗಿರಲಿಲ್ಲ. ಡ್ರೈವರಣ್ಣ ನಾವೇ ಕಾಪಾಡಿ ಇಟ್ಟಿದ್ದ ಒಂದು ಡಬ್ಬ ಪೆಟ್ರೋಲನ್ನು ಒಡೆದು ಟ್ಯಾಂಕಿಗೆ ಸುರಿದ. ಪಟೇಲರು ಅಲ್ಲೇ ನಿಂತಿದ್ದರು, ಸರ್ಕಾರದ್ದು ಅನ್ನಲಿಲ್ಲ. ಚೆಲ್ಲಿದ ಜಾಗದಲ್ಲಿ ಇಂಜಿನ್ನು ಹಾಕುವಂತಿರಲಿಲ್ಲ. ಊರಿನ ಗಂಡಸರು ಹೆಂಗಸರು ಎಲ್ಲ ಸೇರಿ, ಯಾರೂ ಹೇಳಿಸಿಕೊಳ್ಳದೆ, ಬಸ್ಸನ್ನು ಆ ಹಸಿ ಮಣ್ಣಿನ ಮೇಲೆ ತಳ್ಳಿ ದಾಟಿಸಿದರು. ಆಚೆ ಹೋದ ಮೇಲೆ ಬಸ್ಸು ಎಷ್ಟು ಜೋರಾಗಿ ಓಡಿತೆಂದರೆ, ಇದ್ದಿಲಿಗೆ ಒಗ್ಗಿಹೋಗಿದ್ದ ನನಗೆ ಅದು ನಮ್ಮ ಬಸ್ಸೇ ಅನ್ನಿಸಲಿಲ್ಲ. ಆ ಎಣ್ಣೆಯ ಮೇಲೆ ನನಗೆ ಸಿಟ್ಟು ಬಂದಿತ್ತು, ಬೇಗ ಬೇಗ ಎಂದು ಅದನ್ನೇ ಬೇಡಿಕೊಳ್ಳುತ್ತಲೂ ಇದ್ದೆ.

ತಂಗಿಯ ತಲೆ ನನ್ನ ತೊಡೆಯ ಮೇಲಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಎಚ್ಚರ ಇತ್ತು. ಶಾಂತಿಗ್ರಾಮ ದಾಟುವಾಗ, "ಅಣ್ಣ, ಅವ್ವನ್ ಬಯ್ಬ್ಯಾಡ" ಅಂದಳು.

"ಇಲ್ಲ ಕಣವ್ವ."

"ನಿಂಗೆ ಸಿಟ್ಟು ಜಾಸ್ತಿ. ಬಯ್ತೀಯ." ಆಮೇಲೆ, "ಮಗೀನ್ ನೋಡ್ದಾ?" ಎಂದು ಕೇಳಿದಳು.

ಆ ಗಲಾಟೆಯಲ್ಲಿ ನಾನು ಮಗುವನ್ನು ನೋಡಿರಲಿಲ್ಲ. "ನೋಡ್ದೆ, ನಿನ್ನಂಗೇ ಅದೆ" ಅಂದೆ. "ಸುಳ್ಳ" ಅಂದಳು. ಹೊರಗೆ ಪೂರಾ ಕತ್ತಲಾಗಿತ್ತು. ಬಸ್ಸಿನೊಳಗೂ ಕತ್ತಲೆಯೇ. ನಾನು ಹಾಸನದ ತನಕ ಸುಮ್ಮಸುಮ್ಮನೆ ಕೆಮ್ಮುತ್ತಲೇ ಇದ್ದೆ.

ಡಾಕ್ಟರು, ದಾದಿಯರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. ಬೆಳಕು ಹರಿಯುವ ಹೊತ್ತಿಗೆ ಅವಳು ಹೋದಳು. ಕಟ್ಟಾಯದಿಂದ ಅವಳ ಗಂಡ ಬಂದು ತಲುಪಿದಾಗ ಆಗಿಹೋಗಿತ್ತು. ಅವನು ಗೋಡೆಗೆ ಹಣೆ ಒತ್ತಿ ನಿಂತ. ಅವಳನ್ನು ಊರಿಗೆ ತಂದದ್ದೂ ಅದೇ ಬಸ್ಸಿನಲ್ಲಿ, ಅದೇ ಡಬ್ಬದಲ್ಲಿ ಉಳಿದಿದ್ದ ಪೆಟ್ರೋಲಿನಲ್ಲಿ. ನಾನು ಅವ್ವನನ್ನು ಬಯ್ಯಲಿಲ್ಲ. ಆ ಮಾತೊಂದನ್ನು ಉಳಿಸಿಕೊಂಡಿದ್ದೇನೆ. ಆದರೆ ನನ್ನ ಎದೆ ಒಡೆದುಹೋಯಿತು, ಅದನ್ನು ಬೇರೆ ಹೇಗೆ ಹೇಳಬೇಕೋ ನನಗೆ ತಿಳಿಯದು. ಇಷ್ಟು ವರ್ಷವಾದರೂ ಅದು ಕೂಡಿಕೊಂಡಿಲ್ಲ.

ಸತ್ತವರು ಮಲಗಿದ್ದ ಜಾಗದಲ್ಲಿ ತಿಥಿಯ ತನಕ ದೀಪ ಇಡಬೇಕು. ಅದೂ ಆರಬಾರದು. ಮಣ್ಣು ಮಾಡಿ ಬಂದ ಮೇಲೆ, ಮಸಿ ಹಿಡಿದ ಆ ಕೋಣೆಯಲ್ಲಿ, ಅದೇ ಗೂಡಿನಲ್ಲಿ, ಗಡಿಗೆಯ ತಳ ಬಳಿದು ಸಿಕ್ಕ ಹನಿಯಲ್ಲಿ ಅದೇ ಹಣತೆಯನ್ನು ಹಚ್ಚಿದೆವು. ಅವ್ವ ಅದರ ಎದುರು ಕೂತಿದ್ದಳು. ಎರಡೂ ಕೈಗೆ ಆಸ್ಪತ್ರೆಯ ಬಟ್ಟೆ ಸುತ್ತಿತ್ತು. ಬೈಗಾಯಿತು. ಕುಡಿ ಸಣ್ಣಗಾಗುತ್ತಾ ಬಂತು. ಅವ್ವ ಅದನ್ನೇ ನೋಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ.

ಪಕ್ಕದ ಮನೆಯವಳು ಬಂದಳು. ಒಂದು ಕೈಯಲ್ಲಿ ನಮ್ಮ ಮಗು. ಹಿಂದಿನ ಸಂಜೆಯಿಂದ ತನ್ನ ಕೂಸಿನ ಜೊತೆಗೆ ಅದಕ್ಕೂ ಅವಳೇ ಹಾಲು ಕುಡಿಸುತ್ತಿದ್ದಳು. ನಾನು ಆ ಮುಖವನ್ನು ಮೊದಲ ಸಲ ನೋಡಿದೆ. ನನ್ನ ಹಾಗೆ ಇರಲಿಲ್ಲ, ತಂಗಿಯ ಹಾಗೇ ಇತ್ತು. ಅವಳ ಇನ್ನೊಂದು ಕೈಯಲ್ಲಿ ಹಿಂದಿನ ದಿನ ಬೆಳಿಗ್ಗೆ ತಂದಿದ್ದ ಅದೇ ಗಿಂಡಿ. ಅದನ್ನು ಅವ್ವನ ಮುಂದೆ ಹಿಡಿದಳು. ಅವ್ವ ತಲೆ ಎತ್ತಿ, ಹಾಲು ಕುಡಿದು ನಿದ್ದೆ ಹೋಗಿದ್ದ ಮಗುವನ್ನು ನೋಡಿದಳು, ಆಮೇಲೆ ಗಿಂಡಿಯನ್ನು ನೋಡಿದಳು. ಬಟ್ಟೆ ಸುತ್ತಿದ ಎರಡೂ ಕೈಯನ್ನು ಮುಂದೆ ಚಾಚಿದಳು. ಹಿಡಿಯಲು ಆಗಲಿಲ್ಲ.

"ನೀನೇ ಉಯ್ಯವ್ವ" ಎಂದಳು.

ಅವಳು ಗೂಡಿನ ಹತ್ತಿರ ಹೋಗಿ, ಉರಿಯುತ್ತಿದ್ದ ಕುಡಿಯ ಮೇಲೆ ಗಿಂಡಿಯನ್ನು ಬಗ್ಗಿಸಿದಳು. ಅವ್ವ ಕಿಟಾರನೆ ಕಿರುಚಿದಳು. ಊರಿಗೇ ಕೇಳಿಸುವ ಹಾಗೆ ಕಿರುಚಿದಳು.

"ಆರ್ಸು! ಮೊದ್ಲು ದೀಪ ಆರ್ಸವ್ವಾ! ಆಮ್ಯಾಕೆ ಉಯ್ಯಿ!"

ಅವಳು ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಅವಳು ಬಗ್ಗಿ ದೀಪವನ್ನು ಊದಿ ಆರಿಸಿದಳು.